ಬೇಸಿಗೆಗೆ ಮುಂಚೆ ಊರಿನ ಕರೆಂಟ್ ಲೈನ್ ಸರಿ ಮಾಡಿಸಿಕೊಳ್ಳುವುದು ಹೇಗೆ?

ಕಬ್ಬಿನ ಕಟಾವು ಶುರುವಾದ ಮೇಲೆ ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ಪೇಪರ್‌ಗಳಲ್ಲಿ ಒಂದು ಸುದ್ದಿ ಮತ್ತೆ ಮತ್ತೆ ಬರುತ್ತದೆ: ವಿದ್ಯುತ್ ತಂತಿಯ ಕಿಡಿ ಬಿದ್ದು ಕಬ್ಬು ಭಸ್ಮ. ಕಾರಣ ಶಾರ್ಟ್ ಸರ್ಕ್ಯೂಟ್ ಅಂತ ಒಂದು ಸಾಲು ಇರುತ್ತದೆ, ಅಷ್ಟೇ. ಆದರೆ ಆ ಲೈನು ಅವತ್ತೇ ಕೆಟ್ಟಿದ್ದಲ್ಲ. ತಿಂಗಳುಗಟ್ಟಲೆ ಗಾಳಿ ಬಂದಾಗೆಲ್ಲ ಅದು ಟ್ರಿಪ್ ಆಗುತ್ತಿರುತ್ತದೆ. ಊರವರು ಒಂದಷ್ಟು ಬೈದುಕೊಂಡು, ಪವರ್‌ಮ್ಯಾನ್‌ಗೆ ಫೋನ್ ಮಾಡಿ, ಫ್ಯೂಸ್ ಹಾಕಿಸಿಕೊಂಡು ಸುಮ್ಮನಾಗಿರುತ್ತಾರೆ.

ಪದೇ ಪದೇ ಕರೆಂಟು ಹೋಗುವ ಜಾಗ ಮತ್ತು ಬೆಂಕಿ ಹುಟ್ಟುವ ಜಾಗ ಬಹಳ ಸಲ ಒಂದೇ ಆಗಿರುತ್ತದೆ. ಜೋತುಬಿದ್ದ ತಂತಿ, ಲೈನಿಗೆ ತಾಗುವ ಕೊಂಬೆ, ಸಡಿಲವಾದ ಜಂಪರ್ (ಕಂಬದ ಮೇಲೆ ತಂತಿಗಳನ್ನು ಜೋಡಿಸುವ ತುಂಡು ತಂತಿ), ಲೋಡು ತಡೆಯದ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್. ಕರೆಂಟು ಹೋಗುವುದಕ್ಕೂ ಇವೇ ಕಾರಣ, ಕಿಡಿ ಬೀಳುವುದಕ್ಕೂ ಇವೇ. ಆದ್ದರಿಂದ ಒಂದೇ ಕೆಲಸ ಸರಿಯಾಗಿ ಮಾಡಿಸಿಕೊಂಡರೆ ಎರಡು ತೊಂದರೆಯೂ ಕಡಿಮೆಯಾಗುತ್ತವೆ. ಈ ಕೆಲಸಕ್ಕೆ ಒಳ್ಳೆಯ ಸಮಯ ಮಳೆ ನಿಂತ ಮೇಲೆ, ಸಂಕ್ರಾಂತಿ ಒಳಗೆ. ಫೆಬ್ರವರಿಗೆ ಹುಲ್ಲು ಒಣಗಿ ನಿಂತಿರುತ್ತದೆ, ಪಂಪ್‌ಸೆಟ್ ಲೋಡು ಏರಿರುತ್ತದೆ, ಸೆಕ್ಷನ್ ಆಫೀಸಿನವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ಕಾಡಿನ ಬೆಂಕಿಗೆಲ್ಲ ಕರೆಂಟೇ ಕಾರಣ ಅಲ್ಲ. ನಮ್ಮ ಕಾಡುಗಳಲ್ಲಿ ಹೆಚ್ಚಿನ ಬೆಂಕಿ ಮನುಷ್ಯರು ಹಚ್ಚಿದ್ದು ಅಥವಾ ಮನುಷ್ಯರ ಅಜಾಗ್ರತೆಯಿಂದ ಆದದ್ದು. ಆದರೆ ಕಬ್ಬಿನ ಗದ್ದೆ, ಹುಲ್ಲಿನ ಬಣವೆ, ತೋಟ, ಕಾಡಂಚಿನ ಹುಲ್ಲುಗಾವಲಿನ ಮೇಲೆ ಹಾದುಹೋದ ಲೈನಿನಿಂದ ಆಗುವ ಬೆಂಕಿಯನ್ನು ಮುಂಚೆಯೇ ಗುರುತಿಸಬಹುದು. ತಡೆಯಲೂಬಹುದು.

ಹಂತ 1: ಕರೆಂಟು ಹೋದದ್ದನ್ನು ಬರೆದಿಡಿ

ಒಂದು ನೋಟ್‌ಬುಕ್ ಸಾಕು. ಊರಿನ ವಾಟ್ಸಾಪ್ ಗ್ರೂಪ್ ಆದರೂ ಆಗುತ್ತದೆ. ತಾರೀಕು, ಹೋದ ಹೊತ್ತು, ಬಂದ ಹೊತ್ತು, ಆಗ ಗಾಳಿ ಇತ್ತೋ ಮಳೆ ಇತ್ತೋ, ಪೂರ್ತಿ ಊರಿಗೆ ಹೋಯಿತೋ ಒಂದು ಟಿಸಿಗೆ ಮಾತ್ರವೋ, ಒಂದು ಫೇಸ್ ಮಾತ್ರ ಹೋಯಿತೋ. ಇಷ್ಟು ಬರೆದರೆ ಸಾಕು.

ಲೋಡ್‌ಶೆಡ್ಡಿಂಗ್ ಮತ್ತು ಪಂಪ್‌ಸೆಟ್‌ಗೆ ಕೊಡುವ 7 ಗಂಟೆ ತ್ರೀ ಫೇಸ್‌ನ ಪಾಳಿಯನ್ನು ಬೇರೆ ಇಡಿ. ಅವು ದೋಷ ಅಲ್ಲ. ಉಳಿದದ್ದನ್ನು ಒಂದು ತಿಂಗಳು ನೋಡಿದರೆ ವಿಷಯ ತಾನಾಗೇ ಕಾಣುತ್ತದೆ. ಗಾಳಿ ಬಂದಾಗ ಮಾತ್ರ ಹೋಗುತ್ತಿದ್ದರೆ ಎಲ್ಲೋ ತಂತಿಗೆ ತಂತಿ ಬಡಿಯುತ್ತಿದೆ ಅಥವಾ ಕೊಂಬೆ ತಾಗುತ್ತಿದೆ. ತ್ರೀ ಫೇಸ್ ಬಂದ ಕೂಡಲೇ ಫ್ಯೂಸ್ ಹೋಗುತ್ತಿದ್ದರೆ ಟಿಸಿ ಮೇಲೆ ಲೋಡು ಜಾಸ್ತಿ. ಮನೆಯ ಲೈಟು ಒಮ್ಮೆ ಮಂಕು, ಒಮ್ಮೆ ಅತಿ ಪ್ರಕಾಶ ಆಗುತ್ತಿದ್ದರೆ ನ್ಯೂಟ್ರಲ್ ಸಡಿಲವಾಗಿರುವ ಸಾಧ್ಯತೆ ಹೆಚ್ಚು. ಈ ಕೊನೆಯದಕ್ಕೆ ತಿಂಗಳು ಕಾಯಬೇಡಿ, ಅವತ್ತೇ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಹಂತ 2: ಲೈನಿನ ಜೊತೆ ನಡೆದು ನೋಡಿ

ನಾಲ್ಕೈದು ಜನ ಸೇರಿ ಟಿಸಿಯಿಂದ ಕೊನೆಯ ಕಂಬದವರೆಗೆ ನಡೆಯಿರಿ. ನೆಲದ ಮೇಲೆ ನಿಂತೇ ನೋಡಬೇಕು. ಕಂಬ, ಗೈ ವೈರ್ (ಕಂಬ ವಾಲದಂತೆ ನೆಲಕ್ಕೆ ಎಳೆದು ಕಟ್ಟಿದ ತಂತಿ), ಟಿಸಿ ಕಟ್ಟೆ ಯಾವುದನ್ನೂ ಮುಟ್ಟಬಾರದು. ಹೋಗುವ ಹೊತ್ತು ಮಧ್ಯಾಹ್ನ ಒಂದರಿಂದ ಮೂರು, ಪಂಪುಗಳು ಓಡುತ್ತಿರುವಾಗ. ಬಿಸಿಲಿಗೂ ಲೋಡಿಗೂ ಅಲ್ಯೂಮಿನಿಯಂ ತಂತಿ ಕಾದು ಹಿಗ್ಗುತ್ತದೆ, ಆಗ ಅದು ಅತಿ ಹೆಚ್ಚು ಜೋಲುತ್ತದೆ. ಬೆಳಗಿನ ತಂಪಿನಲ್ಲಿ ಸರಿಯಾಗಿ ಕಂಡ ತಂತಿ ಮಧ್ಯಾಹ್ನ ಕಬ್ಬಿನ ಸೂಲಂಗಿಗೆ ತಾಗುವಂತಿರುತ್ತದೆ.

ಯಾವುದು 11 ಕೆವಿ (11 ಸಾವಿರ ವೋಲ್ಟ್), ಯಾವುದು ಎಲ್‌ಟಿ (ಮನೆ, ಪಂಪಿಗೆ ಬರುವ ಕಡಿಮೆ ವೋಲ್ಟೇಜಿನ ಲೈನು) ಅಂತ ಮೊದಲು ಗುರುತಿಸಿಕೊಳ್ಳಿ. ದೊಡ್ಡ ಇನ್ಸುಲೇಟರ್ ಮೇಲೆ ಮೂರು ತಂತಿ ಇದ್ದರೆ ಸಾಮಾನ್ಯವಾಗಿ 11 ಕೆವಿ. ಚಿಕ್ಕ ಇನ್ಸುಲೇಟರ್ ಮೇಲೆ ನಾಲ್ಕೈದು ತಂತಿ ಇದ್ದರೆ ಟಿಸಿಯಿಂದ ಹೊರಟ ಎಲ್‌ಟಿ. ಅನುಮಾನ ಇದ್ದರೆ ಪವರ್‌ಮ್ಯಾನ್‌ನೇ ಕೇಳಿ.

ಎತ್ತರಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಲ್ಲಿ ಅಳತೆ ಇದೆ. ಹೊಲ, ಗದ್ದೆಯಂಥ ಜಾಗದಲ್ಲಿ 11 ಕೆವಿವರೆಗಿನ ಬರಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್, ಅಂದರೆ 15 ಅಡಿ ಮೇಲಿರಬೇಕು. ರಸ್ತೆ ದಾಟುವಲ್ಲಿ ಎಲ್‌ಟಿಗೆ 5.8 ಮೀಟರ್, 11 ಕೆವಿಗೆ 6.1 ಮೀಟರ್. ಅಂದರೆ 19 ಅಡಿ ಮತ್ತು 20 ಅಡಿ. ಅಳೆಯಲು ಕೋಲು ಎತ್ತಲೇಬೇಡಿ. ಪಕ್ಕದ ಕಂಬದ ಎತ್ತರಕ್ಕೆ ಹೋಲಿಸಿ ಅಂದಾಜು ಮಾಡಿ, ದೂರದಿಂದ ಫೋಟೋ ತೆಗೆಯಿರಿ. ತಂತಿಯ ಕೆಳಗಿಂದ ಸ್ವಲ್ಪ ದೂರದಲ್ಲಿ ಒಬ್ಬರು ನಿಂತಿದ್ದರೆ ಫೋಟೋದಲ್ಲಿ ಎತ್ತರ ಎದ್ದು ಕಾಣುತ್ತದೆ.

ಎರಡು ಕಂಬಗಳ ನಡುವೆ ತಂತಿಗಳು ಒಂದಕ್ಕೊಂದು ಎಷ್ಟು ಹತ್ತಿರ ಬಂದಿವೆ ನೋಡಿ. ಕೆಲವು ಕಡೆ ತಂತಿ ಬಡಿಯದಿರಲಿ ಅಂತ ರೈತರೇ ಹಗ್ಗಕ್ಕೆ ಕಲ್ಲು ಕಟ್ಟಿ ಕೆಳಗಿನ ತಂತಿಗೆ ನೇತುಹಾಕಿರುತ್ತಾರೆ, ಇಲ್ಲವೇ ನಡುವೆ ಕೋಲು ಸಿಕ್ಕಿಸಿರುತ್ತಾರೆ. ಹಗ್ಗ ಬಿಸಿಲಿಗೆ ಕೊಳೆತು ಕಲ್ಲು ಬಿದ್ದ ದಿನ ತಂತಿ ಮೇಲಕ್ಕೆ ಚಿಮ್ಮಿ ಇನ್ನೊಂದಕ್ಕೆ ಬಡಿಯುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುವ ಲೋಹ. ಎರಡು ಫೇಸ್ ತಾಗಿದಾಗ ಹುಟ್ಟುವ ಬಿಸಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕರಗಿದ ಹನಿಗಳು ಉರಿಯುತ್ತಲೇ ಕೆಳಗಿನ ತರಗಿನ ಮೇಲೆ ಬೀಳುತ್ತವೆ. ಕಲ್ಲು ಕಟ್ಟಿದ್ದು ಕಂಡರೆ ಆ ಜಾಗವನ್ನು ಪಟ್ಟಿಯಲ್ಲಿ ಮೊದಲು ಬರೆಯಿರಿ. ಅಲ್ಲಿ ಬೇಕಾಗಿರುವುದು ನಡುವೆ ಇನ್ನೊಂದು ಕಂಬ, ಇಲ್ಲವೇ ತಂತಿ ಎಳೆದು ಕಟ್ಟುವುದು ಮತ್ತು ತಂತಿಗಳು ತಾಗದಂತೆ ನಡುವೆ ಹಾಕುವ ಸ್ಪೇಸರ್.

ಉಳಿದಂತೆ ವಾಲಿದ ಕಂಬ, ಬುಡ ತುಕ್ಕು ಹಿಡಿದ ಕಂಬ, ಒಡೆದ ಇನ್ಸುಲೇಟರ್, ಸಡಿಲವಾದ ಗೈ ವೈರ್, ಗಂಟು ಹಾಕಿ ಜೋಡಿಸಿದ ತಂತಿ, ಲೈನಿಗೆ ಹಬ್ಬಿದ ಬಳ್ಳಿ. ಪ್ರತಿಯೊಂದಕ್ಕೂ ಕಂಬದ ನಂಬರ್ ಬರೆದುಕೊಳ್ಳಿ. ನಂಬರ್ ಅಳಿಸಿಹೋಗಿದ್ದರೆ ಸರ್ವೆ ನಂಬರ್ ಅಥವಾ ಹತ್ತಿರದ ಬೋರ್‌ವೆಲ್‌ನ ಆರ್‌ಆರ್ ನಂಬರ್ ಸಾಕು.

ಇನ್ನೊಮ್ಮೆ ರಾತ್ರಿ ದೂರದಿಂದ ನೋಡಿ. ಹಗಲು ಕಾಣದ ಜಂಪರ್ ಕಿಡಿ ಕತ್ತಲಲ್ಲಿ ನೀಲಿಯಾಗಿ ಮಿನುಗುತ್ತದೆ. ಹತ್ತು ಸೆಕೆಂಡಿನ ವಿಡಿಯೋ ಮಾಡಿಕೊಳ್ಳಿ. ಹಗಲು ಬಂದ ಪವರ್‌ಮ್ಯಾನ್‌ಗೆ ‘ಇಲ್ಲೇ ನೋಡಿ’ ಅಂತ ತೋರಿಸಲು ಅದು ತುಂಬಾ ಅನುಕೂಲ.

ಹಂತ 3: ಟಿಸಿ ಹತ್ತಿರ ಏನಾಗುತ್ತಿದೆ?

ನನ್ನ ಪ್ರಕಾರ ಅರ್ಧ ಸಮಸ್ಯೆ ಇರುವುದು ಇಲ್ಲೇ. ಇದರಲ್ಲಿ ಬಳಕೆದಾರರ ಪಾಲೂ ದೊಡ್ಡದು.

ಟಿಸಿಯ ಫ್ಯೂಸ್ ಪೆಟ್ಟಿಗೆಯನ್ನು ದೂರದಿಂದಲೇ ನೋಡಿ. ಬಾಗಿಲು ಇರುವುದಿಲ್ಲ. ಒಳಗೆ ಫ್ಯೂಸ್ ತಂತಿ ಇರಬೇಕಾದ ಕಡೆ ಅಲ್ಯೂಮಿನಿಯಂ ತಂತಿಯ ನಾಲ್ಕೈದು ಎಳೆ ಸೇರಿಸಿ ಹೊಸೆದು ಸುತ್ತಿರುತ್ತಾರೆ. ಸುತ್ತ ಕರಕಲು. ಫ್ಯೂಸ್ ಪದೇ ಪದೇ ಹೋಗುತ್ತದೆ, ರಾತ್ರಿ ನೀರು ಕಟ್ಟುವ ಹೊತ್ತಿಗೆ ಯಾರೂ ಸಿಗುವುದಿಲ್ಲ, ಅದಕ್ಕೇ ಹೀಗೆ ಮಾಡುತ್ತಾರೆ. ಕಷ್ಟ ಅರ್ಥವಾಗುತ್ತದೆ. ಆದರೆ ಆ ಎಳೆಗಳು ಹೋಗುವುದೇ ಇಲ್ಲ. ತಂತಿ ಹರಿದು ಗದ್ದೆಗೆ ಬಿದ್ದರೂ ಕರೆಂಟು ನಿಲ್ಲುವುದಿಲ್ಲ. ಫ್ಯೂಸಿನ ಬದಲು ಟಿಸಿಯೇ ಸುಡುತ್ತದೆ. ಹತ್ತು ನಿಮಿಷದ ಕೆಲಸ ಉಳಿಸಲು ಹೋಗಿ ವಾರಗಟ್ಟಲೆ ಕತ್ತಲು. ಸರಿಯಾದ ಅಳತೆಯ ಫ್ಯೂಸ್ ತಂತಿ ಹಾಕಿಸಿ, ಪೆಟ್ಟಿಗೆಗೆ ಬಾಗಿಲು ಕೇಳಿ.

ಆಮೇಲೆ ಲೋಡಿನ ಲೆಕ್ಕ. 5 ಎಚ್‌ಪಿ ಪಂಪ್ ಓಡಲು ಹೆಚ್ಚುಕಡಿಮೆ 5ರಿಂದ 6 ಕೆವಿಎ (ಟಿಸಿಯ ಸಾಮರ್ಥ್ಯ ಅಳೆಯುವ ಮಾನ) ಬೇಕು. ಅಂದರೆ 25 ಕೆವಿಎ ಟಿಸಿಗೆ ಇಂಥ ನಾಲ್ಕು, 63 ಕೆವಿಎ ಟಿಸಿಗೆ ಹತ್ತು, ಜಾಸ್ತಿ ಅಂದರೆ ಹನ್ನೊಂದು. ನಿಮ್ಮ ಟಿಸಿಗೆ ನಿಜವಾಗಿ ಎಷ್ಟಿವೆ, ಎಣಿಸಿ. ಅರ್ಜಿ ಹಾಕದೆ ಎಳೆದುಕೊಂಡವನ್ನೂ, 5 ಎಚ್‌ಪಿ ಅಂತ ಬರೆಸಿ ಏಳೂವರೆ ಇಟ್ಟವನ್ನೂ ಸೇರಿಸಿಯೇ ಎಣಿಸಬೇಕು. ಪಕ್ಕದ ಹೊಲದವರ ಮುಂದೆ ಈ ಮಾತು ಎತ್ತುವುದು ಕಷ್ಟ, ಅಲ್ವಾ? ಆದರೂ ಎತ್ತಬೇಕು. ಲೆಕ್ಕ ಸರಿ ಇಲ್ಲದಿದ್ದರೆ ದೊಡ್ಡ ಟಿಸಿ ಕೇಳಲು ಕೈಯಲ್ಲಿ ಏನೂ ಇರುವುದಿಲ್ಲ.

ಆಟೋ ಸ್ಟಾರ್ಟರ್ ಇನ್ನೊಂದು ದೊಡ್ಡ ಕಾರಣ. ತ್ರೀ ಫೇಸ್ ಬಂದ ಕ್ಷಣಕ್ಕೆ ಎಲ್ಲ ಪಂಪೂ ಒಟ್ಟಿಗೆ ಏಳುತ್ತವೆ. ಮೋಟಾರು ಶುರುವಾಗುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಹತ್ತು ಮೋಟಾರು ಹೀಗೆ ಎಳೆದರೆ ಟಿಸಿ ತಡೆಯುತ್ತದೆಯೇ? ಆಟೋ ತೆಗೆಯಲು ಆಗದಿದ್ದರೆ ತಡವಾಗಿ ಶುರುಮಾಡುವ ಟೈಮರ್ ಹಾಕಿಸಿ, ಒಬ್ಬೊಬ್ಬರು ಎರಡೆರಡು ನಿಮಿಷದ ಅಂತರ ಇಟ್ಟುಕೊಳ್ಳಿ. ಇದಕ್ಕೆ ಯಾವ ಅರ್ಜಿಯೂ ಬೇಡ. ಟಿಸಿ ಕೆಳಗೆ ಕೂತು ಮಾತಾಡಿಕೊಂಡರೆ ಆಯಿತು. ಜೊತೆಗೆ ಪ್ರತಿ ಪಂಪಿಗೂ ಕೆಪಾಸಿಟರ್ ಹಾಕಿಸಿ, 5 ಎಚ್‌ಪಿಗೆ ಸಾಮಾನ್ಯವಾಗಿ 2 ಕೆವಿಎಆರ್. ಲೈನಿನ ಕರೆಂಟು ಇಳಿಯುತ್ತದೆ, ತಂತಿ ಕಾಯುವುದೂ ಕಡಿಮೆ, ಕೊನೆಯ ಹೊಲಕ್ಕೂ ವೋಲ್ಟೇಜ್ ಸಿಗುತ್ತದೆ.

ಎಣ್ಣೆ ಸೋರಿಕೆ, ಕಿತ್ತುಹೋದ ಅರ್ತಿಂಗ್ ಪಟ್ಟಿ, ನೀಲಿ ಇರಬೇಕಾದ ಸಿಲಿಕಾ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿರುವುದು, ಇವು ಕಂಡರೆ ಬರೆದುಕೊಳ್ಳಿ. ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ನೀರು ಬೇಕು, ಆದರೆ ಆ ಕೆಲಸ ಪವರ್‌ಮ್ಯಾನ್‌ರದು.

ಹಂತ 4: ಬರೆದು ಕೊಡಿ

ಫೋನಿನಲ್ಲಿ ಹೇಳಿದ್ದು ಫೋನಿನಲ್ಲೇ ಉಳಿಯುತ್ತದೆ. ಬೆಸ್ಕಾಂ, ಸೆಸ್ಕ್, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ನಿಮ್ಮದು ಯಾವುದೇ ಇರಲಿ, 1912ಕ್ಕೆ ದೂರು ಕೊಟ್ಟು ದೂರಿನ ನಂಬರ್ ತೆಗೆದುಕೊಳ್ಳಿ. ಆಮೇಲೆ ಆ ನಂಬರ್ ಹಾಕಿ ಶಾಖಾಧಿಕಾರಿಗೆ ಪತ್ರ ಕೊಡಿ. ಒಂದು ಪ್ರತಿ ಉಪವಿಭಾಗದ ಎಇಇಗೆ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್). ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳದೆ ಬರಬೇಡಿ.

‘ಕರೆಂಟ್ ಸಮಸ್ಯೆ ಸರಿಪಡಿಸಿ’ ಅಂತ ಬರೆದರೆ ಅದು ಎಲ್ಲಿಗೂ ತಲುಪುವುದಿಲ್ಲ. ಹೀಗೆ ಬರೆಯಿರಿ (ಫೀಡರ್ ಅಂದರೆ ಸಬ್‌ಸ್ಟೇಷನ್‌ನಿಂದ ನಿಮ್ಮ ಕಡೆಗೆ ಬರುವ 11 ಕೆವಿ ಲೈನು):

“... ಫೀಡರ್, ... ಟಿಸಿಯಿಂದ ಹೊರಟ ಎಲ್‌ಟಿ ಲೈನಿನಲ್ಲಿ ... ಮತ್ತು ... ನಂಬರಿನ ಕಂಬಗಳ ನಡುವೆ ತಂತಿ ಜೋತುಬಿದ್ದಿದ್ದು, ಕೆಳಗೆ ಕಟಾವಿಗೆ ಬಂದ ಕಬ್ಬು ಇದೆ. ಗಾಳಿ ಬೀಸಿದಾಗ ಕಿಡಿ ಬೀಳುತ್ತಿದೆ (ಫೋಟೋ ಲಗತ್ತಿಸಿದೆ). ಕಳೆದ ತಿಂಗಳು ಈ ಲೈನು ... ಸಲ ನಿಂತಿದೆ (ಪಟ್ಟಿ ಲಗತ್ತಿಸಿದೆ). ನಡುವೆ ಒಂದು ಕಂಬ ಹಾಕಿ, ತಂತಿ ಎಳೆದು ಕಟ್ಟಿಸಿ, ಸ್ಪೇಸರ್ ಹಾಕಿಸಬೇಕೆಂದು ಕೋರುತ್ತೇವೆ. ಬೆಂಕಿಯ ಅಪಾಯ ಇರುವುದನ್ನು ಈ ಪತ್ರದ ಮೂಲಕ ತಮ್ಮ ಗಮನಕ್ಕೆ ತಂದಿದ್ದೇವೆ.”

ಕೊನೆಯ ಸಾಲು ಬಿಡಬೇಡಿ. ಮುಂದೆ ಅನಾಹುತವಾದರೆ, ಮೊದಲೇ ಗೊತ್ತಿತ್ತು ಅನ್ನುವುದಕ್ಕೆ ಅದೇ ದಾಖಲೆ.

ಕೆಲಸ ಆಗದಿದ್ದರೆ ಉಪವಿಭಾಗದಲ್ಲಿ ನಡೆಯುವ ಗ್ರಾಹಕರ ಸಂವಾದ ಸಭೆಗೆ ಹೋಗಿ. ಅಲ್ಲಿಯೂ ಆಗದಿದ್ದರೆ ಜಿಲ್ಲೆಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್. ಟಿಸಿ ಸುಟ್ಟರೆ ಬದಲಿಸಲು ಕೆಇಆರ್‌ಸಿ (ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ) ನಿಯಮದಲ್ಲಿ ಹಳ್ಳಿಗಳಿಗೆ 72 ಗಂಟೆಯ ಗಡುವು ಇದೆ. ಬದಲಿಸುವುದು ಕಂಪನಿಯ ಕೆಲಸ. ಅದಕ್ಕಾಗಿ ರೈತರು ಮನೆಮನೆಗೆ ಹಣ ಎತ್ತಬೇಕಾಗಿಲ್ಲ.

ದೊಡ್ಡ ಕೆಲಸಗಳಿಗೆ ಗ್ರಾಮಸಭೆಯ ಠರಾವು ಬೇಕು. ಕಾಡಂಚಿನಲ್ಲಿ, ದಟ್ಟ ತೋಟಗಳ ನಡುವೆ ಬರಿ ತಂತಿಯ ಬದಲು ಏಬಿ ಕೇಬಲ್ ಕೇಳಿ. ಅದರಲ್ಲಿ ಪ್ರತಿ ತಂತಿಗೂ ಹೊದಿಕೆ ಇದ್ದು ಒಟ್ಟಿಗೆ ಹೆಣೆದಿರುತ್ತದೆ. ಗಾಳಿಗೆ ಬಡಿದರೂ ಕಿಡಿ ಬರುವುದಿಲ್ಲ, ಕೊಂಬೆ ತಾಗಿದರೂ ಟ್ರಿಪ್ ಆಗುವುದಿಲ್ಲ. ಕೊಡಗು, ನಾಗರಹೊಳೆ ಕಡೆ ಜೋತುಬಿದ್ದ ತಂತಿಗೆ ಆನೆಗಳೂ ಬಲಿಯಾಗಿವೆ. ಅಂಥ ಊರುಗಳಲ್ಲಿ ಅರಣ್ಯ ಇಲಾಖೆಯನ್ನೂ ಜೊತೆಗೆ ಸೇರಿಸಿಕೊಂಡರೆ ಅರ್ಜಿಗೆ ತೂಕ ಬರುತ್ತದೆ. ಒಂದು ದೊಡ್ಡ ಟಿಸಿಯಿಂದ ಉದ್ದುದ್ದ ಎಲ್‌ಟಿ ಲೈನ್ ಎಳೆಯುವ ಬದಲು, 11 ಕೆವಿಯನ್ನೇ ಹತ್ತಿರ ತಂದು ಚಿಕ್ಕ ಚಿಕ್ಕ ಟಿಸಿ ಇಡುವ ಎಚ್‌ವಿಡಿಎಸ್ ಪದ್ಧತಿಯೂ ಕೇಳುವಂಥದ್ದೇ.

ಹಂತ 5: ಮರ ಸವರುವುದು

ಒಂದೇ ನಿಯಮ: ಎಲ್‌ಸಿ ಇಲ್ಲದೆ ಯಾರೂ ಮರ ಹತ್ತಬಾರದು. ಎಲ್‌ಸಿ ಅಂದರೆ ಸಬ್‌ಸ್ಟೇಷನ್‌ನಿಂದ ಲೈನ್ ಕ್ಲಿಯರ್ ಪಡೆದು, ಲೈನ್ ಆಫ್ ಮಾಡಿ, ಅರ್ತ್ ಮಾಡುವುದು. ‘ಈಗ ಕರೆಂಟಿಲ್ಲ, ಬೇಗ ಕಡಿದುಬಿಡಿ’ ಅಂತ ಪವರ್‌ಮ್ಯಾನ್‌ಗೂ ಒತ್ತಾಯ ಮಾಡಬೇಡಿ. ಹೀಗೆ ಹತ್ತಿ ಎಷ್ಟೋ ಜನ ಜೀವ ಕಳೆದುಕೊಂಡಿದ್ದಾರೆ.

ಮಲೆನಾಡು, ಕರಾವಳಿಯವರಿಗೆ ಒಂದು ವಿಶೇಷ ಎಚ್ಚರಿಕೆ. ಅಡಿಕೆ ಕೊಯ್ಯಲು, ಮದ್ದು ಹೊಡೆಯಲು ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಗುರ, ಉದ್ದ, ತುಂಬಾ ಅನುಕೂಲ. ನೋಡಲು ಪ್ಲಾಸ್ಟಿಕ್ ಥರ ಇರುವುದರಿಂದ ಶಾಕ್ ಹೊಡೆಯುವುದಿಲ್ಲ ಅಂತ ಕೆಲವರು ನಂಬಿದ್ದಾರೆ. ಅದು ತಪ್ಪು. ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ, ಅಲ್ಯೂಮಿನಿಯಂ ದೋಟಿಯಲ್ಲಿ ಹರಿದಂತೆಯೇ. ಲೈನಿನ ಹತ್ತಿರ ಎರಡನ್ನೂ ಎತ್ತಬೇಡಿ.

ಯಾವ ಮರ ಮೊದಲು? ತೆಂಗು, ಬಿದಿರು ಮೆಳೆ, ನೀಲಗಿರಿ, ಸಿಲ್ವರ್ ಓಕ್. ಗರಿ ಬೀಳುವವು, ಗಾಳಿಗೆ ಬಾಗುವವು. ಹೊಸದಾಗಿ ಗಿಡ ಇಡುವವರು ಲೈನಿನ ಕೆಳಗೆ ಎತ್ತರ ಬೆಳೆಯುವುದನ್ನು ಇಡದಿದ್ದರೆ ಹತ್ತು ವರ್ಷದ ಜಗಳ ತಪ್ಪುತ್ತದೆ.

ಹಂತ 6: ಲೈನಿನ ಕೆಳಗಿನ ನೆಲ ನಿಮ್ಮದು

ಕಿಡಿ ಬಿದ್ದರೂ ಹತ್ತಿಕೊಳ್ಳಲು ಏನೂ ಇರಬಾರದು. ಟಿಸಿ ಸುತ್ತ ಕನಿಷ್ಠ ಹತ್ತು ಅಡಿ ಹುಲ್ಲು, ಪೊದೆ ತೆಗೆಸಿ. ಮೇಲಿನ 11 ಕೆವಿ ಫ್ಯೂಸ್ ಹೋದಾಗ ಕಾದ ಲೋಹ ಬೀಳುವುದು ಅಲ್ಲಿಗೇ. ಟಿಸಿ ಹತ್ತಿರ ಸ್ವಚ್ಛ ಮಾಡುವಾಗ ಪವರ್‌ಮ್ಯಾನ್ ಇರಲಿ. ಕಬ್ಬಿನಲ್ಲಿ ಲೈನಿನ ಕೆಳಗಿನ ಸಾಲುಗಳ ತರಗನ್ನು, ಉತ್ತರ ಕರ್ನಾಟಕದವರ ರವದಿಯನ್ನು, ಸುಲಿದು ದೂರ ಹಾಕಿ. ಆ ಪಟ್ಟಿಯನ್ನು ಮೊದಲು ಕಟಾವು ಮಾಡಲು ಸಕ್ಕರೆ ಕಾರ್ಖಾನೆಯ ಫೀಲ್ಡ್‌ಮ್ಯಾನ್‌ಗೆ ಹೇಳಿ ನೋಡಿ. ಸಾಧ್ಯವಾದರೆ ಮುಂದಿನ ನಾಟಿಯಲ್ಲಿ ಲೈನಿನ ಕೆಳಗೆ ಕಬ್ಬಿನ ಬದಲು ಹಸಿರು ಮೇವು, ತರಕಾರಿ ಹಾಕಿ.

ಬಣವೆಯನ್ನು ಲೈನಿನ ಕೆಳಗೆ ಒಟ್ಟಲೇಬೇಡಿ. ಹುಲ್ಲು ತುಂಬಿದ ಟ್ರ್ಯಾಕ್ಟರ್ ತಂತಿಗೆ ತಾಗಿ ಹೊತ್ತಿ ಉರಿಯುವುದು ಪ್ರತಿ ಸುಗ್ಗಿಯಲ್ಲೂ ಆಗುತ್ತದೆ. ಲೈನು ನಿಯಮದಂತೆ 15 ಅಡಿ ಇದ್ದರೂ, ಹೇರಿದ ಹುಲ್ಲು ನೆಲದಿಂದ 11 ಅಡಿ ದಾಟದಿರಲಿ. ಹುಲ್ಲಿನ ಮೇಲೆ ಜನ ಕೂರುವುದು ಬೇಡವೇ ಬೇಡ.

ಹಂತ 7: ತಂತಿ ಹರಿದು ಬಿದ್ದರೆ

ಬಿದ್ದ ತಂತಿ ಸತ್ತಿದೆ ಅಂತ ಎಂದೂ ತಿಳಿಯಬೇಡಿ. ಒಣನೆಲದ ಮೇಲೆ ಬಿದ್ದಾಗ ಭೂಮಿಗೆ ಹರಿಯುವ ಕರೆಂಟು ಕಡಿಮೆ ಇರುತ್ತದೆ. ಆಗ ಫ್ಯೂಸೂ ಹೋಗುವುದಿಲ್ಲ, ಸಬ್‌ಸ್ಟೇಷನ್‌ನಲ್ಲಿ ಬ್ರೇಕರೂ ಟ್ರಿಪ್ ಆಗುವುದಿಲ್ಲ. ಕನಿಷ್ಠ ಹತ್ತು ಮೀಟರ್ ದೂರ ಸರಿಯಿರಿ. ಹತ್ತಿರದಲ್ಲೇ ಇದ್ದರೆ ಹೆಜ್ಜೆ ಎತ್ತದೆ, ಎರಡು ಪಾದ ಜೋಡಿಸಿಕೊಂಡು ಸ್ವಲ್ಪ ಸ್ವಲ್ಪವೇ ಜಾರಿಸುತ್ತಾ ಹೊರಗೆ ಬನ್ನಿ. ದನಕರು, ಮಕ್ಕಳನ್ನು ತಡೆಯಲು ಎರಡೂ ಕಡೆ ಜನ ನಿಲ್ಲಿಸಿ.

ಟ್ರಿಪ್ ಆಗಿದ್ದರೂ ಅಪಾಯ ಮುಗಿದಿಲ್ಲ. ಲೈನ್ ಟ್ರಿಪ್ ಆದಾಗ ಸಬ್‌ಸ್ಟೇಷನ್‌ನಿಂದ ಟೆಸ್ಟ್ ಚಾರ್ಜ್ ಮಾಡಿ, ಅಂದರೆ ಒಮ್ಮೆ ಕರೆಂಟು ಬಿಟ್ಟು, ನೋಡುತ್ತಾರೆ. ಹರಿದ ತಂತಿಗೆ ಮತ್ತೆ ಕರೆಂಟು ಬರುತ್ತದೆ, ಮತ್ತೆ ಕಿಡಿ. 2023ರ ಆಗಸ್ಟ್ 8ರಂದು ಹವಾಯಿಯ ಲಹೈನಾ ಪಟ್ಟಣ ಸುಟ್ಟದ್ದು ಇಂಥ ಕಾರಣದಿಂದಲೇ. ಬಿರುಗಾಳಿಗೆ ಹರಿದ ಲೈನಿಗೆ ಮತ್ತೆ ವಿದ್ಯುತ್ ಹರಿದು ಬೆಳಿಗ್ಗೆ ಹುಲ್ಲಿಗೆ ಬೆಂಕಿ ಹತ್ತಿತು. ಆರಿಸಿದರು, ಆರಿತು ಅಂತ ಹೊರಟರು. ಮಧ್ಯಾಹ್ನ ಅದೇ ಬೆಂಕಿ ಗಾಳಿಗೆ ಎದ್ದಿತು. 102 ಜನ ತೀರಿಕೊಂಡರು.

ಆದ್ದರಿಂದ ನಿಮ್ಮ ಸಬ್‌ಸ್ಟೇಷನ್‌ನ ಫೋನ್ ನಂಬರ್ ಮತ್ತು ಫೀಡರ್ ಹೆಸರು ಊರಿನ ಎಲ್ಲರ ಮೊಬೈಲ್‌ನಲ್ಲೂ ಇರಲಿ. ತಂತಿ ಹರಿದದ್ದು ಕಂಡ ಕೂಡಲೇ ಫೋನ್ ಮಾಡಿ ಹೀಗೆ ಹೇಳಿ: ‘ಇಂಥ ಫೀಡರ್, ಇಂಥ ಜಾಗ, ಲೈನ್ ಕಟ್ಟಾಗಿದೆ, ಟೆಸ್ಟ್ ಚಾರ್ಜ್ ಮಾಡಬೇಡಿ.’ ಆಮೇಲೆ 1912. ಬೆಂಕಿ ಇದ್ದರೆ 112, ಕಾಡಾದರೆ ಅರಣ್ಯ ಸಹಾಯವಾಣಿ 1926. ಲೈನ್ ಆಫ್ ಆಗಿದೆ ಅಂತ ಖಾತ್ರಿಯಾಗುವವರೆಗೆ ನೀರು ಹಾಕಬೇಡಿ. ಆರಿದ ಮೇಲೂ ಆ ರಾತ್ರಿ ಪೂರ್ತಿ ಒಬ್ಬಿಬ್ಬರು ಕಾವಲಿರಬೇಕು. ಕಬ್ಬಿನ ಕೂಳೆ, ಒಣಮರದ ಬುಡದೊಳಗೆ ಕೆಂಡ ಗಂಟೆಗಟ್ಟಲೆ ಉಳಿಯುತ್ತದೆ.

ಹಂತ 8: ಸುಟ್ಟೇ ಹೋದರೆ

ಪರಿಹಾರ ಸಿಗುವುದೂ ಸಿಗದಿರುವುದೂ ಮೊದಲ ಎರಡು ದಿನದ ಕಾಗದಪತ್ರದ ಮೇಲೆ ನಿಂತಿದೆ. ತಂತಿ ಮತ್ತು ಕಂಬ ಇದ್ದಹಾಗೆಯೇ ಇರುವಾಗ ಫೋಟೋ, ವಿಡಿಯೋ ತೆಗೆಯಿರಿ. ಮುಖ್ಯವಾಗಿ ತಂತಿಯ ಮೇಲಿನ ಸುಟ್ಟ ಗುರುತು, ಕೆಳಗೆ ಬಿದ್ದ ಅಲ್ಯೂಮಿನಿಯಂ ಹನಿಗಳು. ಲೈನ್ ಸರಿಮಾಡಿದ ಮೇಲೆ ಇವು ಸಿಗುವುದಿಲ್ಲ. ಪೊಲೀಸ್ ಠಾಣೆಗೆ ದೂರು ಕೊಟ್ಟು ಪ್ರತಿ ಪಡೆಯಿರಿ. ಅಗ್ನಿಶಾಮಕ ದಳ ಬಂದಿದ್ದರೆ ಅವರ ವರದಿ ಕೇಳಿ. ಗ್ರಾಮ ಆಡಳಿತಾಧಿಕಾರಿಯಿಂದ ಮಹಜರು ಮಾಡಿಸಿ, ಎಷ್ಟು ಗುಂಟೆ, ಯಾವ ಬೆಳೆ, ಹನಿ ನೀರಾವರಿ ಪೈಪು ಎಷ್ಟು ಹೋಯಿತು ಎಲ್ಲವನ್ನೂ ಬರೆಸಿ. ಪಹಣಿ ಜೊತೆಗಿರಲಿ. ವಿದ್ಯುತ್ ಪರಿವೀಕ್ಷಣಾಲಯದವರು ಬಂದು ಕಾರಣ ನೋಡಬೇಕೆಂದು ಲಿಖಿತವಾಗಿ ಕೇಳಿ. ಇವೆಲ್ಲದರ ಜೊತೆಗೆ, ಸೀಲು ಹಾಕಿಸಿಕೊಂಡ ನಿಮ್ಮ ಹಳೆಯ ಪತ್ರವನ್ನೂ ಲಗತ್ತಿಸಿ ನಿಮ್ಮ ವಿದ್ಯುತ್ ಕಂಪನಿಯ ಎಇಇ ಕಚೇರಿಗೆ ಪರಿಹಾರದ ಅರ್ಜಿ ಕೊಡಿ.

ಇದರ ನಡುವೆ ಕಬ್ಬನ್ನು ಮರೆಯಬೇಡಿ. ಸುಟ್ಟ ಕಬ್ಬು ದಿನದಿಂದ ದಿನಕ್ಕೆ ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ. ಫೋಟೋ, ಮಹಜರು ಮುಗಿದ ಅವತ್ತೇ ಕಾರ್ಖಾನೆಗೆ ಹೋಗಿ ತುರ್ತು ಕಟಾವು ಆದೇಶ ಕೇಳಿ. ತೂಕದಲ್ಲಿ ಕಡಿತ ಮಾಡಿದರೆ ಆ ಚೀಟಿಯನ್ನು ಜೋಪಾನ ಮಾಡಿ. ಕಡಿತವಾದಷ್ಟು ಹಣವೂ ನಿಮ್ಮ ನಷ್ಟವೇ, ಪರಿಹಾರದ ಅರ್ಜಿಗೆ ಅದನ್ನೂ ಸೇರಿಸಿ.